ಆಫ್‌ಲೈನ್ ಯುವಿ ಲೇಪನ: ಮುದ್ರಿತ ಹಾಳೆಯ ಪೂರ್ವಸಿದ್ಧತೆ

ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾಗಿ ಒಣಗಿದ ಹಾಳೆಗಳನ್ನು ಬೇರೊಂದು ಯಂತ್ರಕ್ಕೆ ಒಯ್ದು, ನೇರಳಾತೀತ ಬೆಳಕು ಬಿದ್ದೊಡನೆ ಗಟ್ಟಿಯಾಗುವ ಪಾರದರ್ಶಕ ದ್ರವವನ್ನು ಅವುಗಳ ಮೇಲೆ ಸವರುವ ಕೆಲಸಕ್ಕೆ ಆಫ್‌ಲೈನ್ ಯುವಿ ಲೇಪನ ಎಂದು ಹೆಸರು. ಮುದ್ರಣ ಯಂತ್ರದ ತುದಿಗೇ ಜೋಡಿಸಿದ ಘಟಕದಲ್ಲಿ ಅದೇ ಓಟದಲ್ಲಿ ಲೇಪನ ಮುಗಿದರೆ ಅದು ಇನ್‌ಲೈನ್. ಪುಸ್ತಕದ ರಕ್ಷಾಪುಟ, ಔಷಧಿ ಮತ್ತು ಸೋಪಿನ ಪೆಟ್ಟಿಗೆ, ಮದುವೆಯ ಆಮಂತ್ರಣ, ಕ್ಯಾಟಲಾಗು, ನೋಟ್‌ಬುಕ್ಕಿನ ಹೊದಿಕೆ ಮುಂತಾದವುಗಳಿಗೆ ಹೊಳಪು ಕೊಡುವುದು, ಉಜ್ಜಿದರೂ ಇಂಕು ಏಳದಂತೆ ಕಾಯುವುದು ಇದರ ಉದ್ದೇಶ.

ಸ್ವಂತ ಯುವಿ ಯಂತ್ರವಿಲ್ಲದ ಮುದ್ರಣಾಲಯಗಳು ಹಾಳೆಗಳನ್ನು ಜಾಬ್ ವರ್ಕ್‌ಗೆ ಹೊರಗೆ ಕಳಿಸುತ್ತವೆ. ಹೀಗಾಗಿ ಒಂದೇ ಹಾಳೆ ಇಬ್ಬರ ಕೈ ಹಾಯುತ್ತದೆ, ಕೆಟ್ಟಾಗ ದೂರು ಸಾಮಾನ್ಯವಾಗಿ ಎರಡನೆಯವನ ಮೇಲೆ ಬೀಳುತ್ತದೆ. ಲೇಪನ ಏಳುವುದು, ಗುಳಿ ಬೀಳುವುದು, ಮುಟ್ಟಿದರೆ ಮರಳು ಮರಳಾಗಿರುವುದು, ನೀಲಿ ಬಣ್ಣ ಕೆಂಪಗಾಗುವುದು ಇವೆಲ್ಲ ಕಣ್ಣಿಗೆ ಬೀಳುವುದು ಯುವಿ ಯಂತ್ರ ದಾಟಿದ ಮೇಲೆ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಮೂಲ ಆಫ್‌ಸೆಟ್ ಯಂತ್ರದ ಬಳಿಯೇ ಇರುತ್ತದೆ. ಯಾವ ಇಂಕಿನ ಡಬ್ಬಿ ತೆರೆದರು, ಫೌಂಟನ್ ನೀರಿಗೆ ಏನು ಬೆರೆಸಿದರು, ಪೌಡರ್ ಸ್ಪ್ರೇಯನ್ನು ಎಷ್ಟು ತೆರೆದಿಟ್ಟರು, ಹಾಳೆಯನ್ನು ಎಷ್ಟು ಹೊತ್ತು ಒಣಗಲು ಬಿಟ್ಟರು ಎಂಬುದರ ಮೇಲೆ ಲೇಪನದ ಹಣೆಬರಹ ನಿಂತಿದೆ. ಆದ್ದರಿಂದ ಈ ಲೇಖನ ಲೇಪನ ಯಂತ್ರಕ್ಕಿಂತ ಅದಕ್ಕೆ ಮುಂಚಿನ ಕೆಲಸವನ್ನೇ ಹೆಚ್ಚು ಹೇಳುತ್ತದೆ.

ಲೇಪನದ ಸ್ವಭಾವ

ಯುವಿ ಲೇಪನದಲ್ಲಿ ಆಕ್ರಿಲೇಟ್ ಜಾತಿಯ ಆಲಿಗೊಮರ್‌ಗಳು, ಅವನ್ನು ತೆಳುವಾಗಿಸುವ ಮಾನೊಮರ್‌ಗಳು, ಬೆಳಕನ್ನು ಹೀರಿ ಕ್ರಿಯೆಯನ್ನು ಶುರುಮಾಡುವ ಫೋಟೊಇನಿಷಿಯೇಟರ್‌ಗಳು ಇರುತ್ತವೆ. ಹರಿವು ಮತ್ತು ಜಾರಿಕೆಗಾಗಿ ಸಣ್ಣ ಪ್ರಮಾಣದ ಸೇರ್ಪಡೆಗಳೂ ಉಂಟು. ಪಾದರಸದ ಆವಿಯ ದೀಪ 254, 313, 365 ನ್ಯಾನೊಮೀಟರ್ ಆಸುಪಾಸಿನಲ್ಲಿ ಚೆಲ್ಲುವ ಬೆಳಕಿಗೆ ಇನಿಷಿಯೇಟರ್‌ನ ಅಣು ಒಡೆದು ಮುಕ್ತ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವು ಆಕ್ರಿಲೇಟ್‌ಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಗಿ, ಸೆಕೆಂಡಿನ ಸಣ್ಣ ಭಾಗದಲ್ಲಿ ದ್ರವ ಘನವಾಗುತ್ತದೆ. ಹಳೆಯ ಯಂತ್ರಗಳ ದೀಪಗಳು ಉದ್ದದ ಪ್ರತಿ ಸೆಂಟಿಮೀಟರಿಗೆ 80ರಿಂದ 120 ವಾಟ್ ಶಕ್ತಿಯವು. ಈಚಿನ ಎಲ್‌ಇಡಿ ದೀಪಗಳು 365, 385 ಅಥವಾ 395 ನ್ಯಾನೊಮೀಟರಿನ ಕಿರಿದಾದ ಪಟ್ಟಿಯಲ್ಲಷ್ಟೇ ಬೆಳಗುವುದರಿಂದ ಅವಕ್ಕೆ ಹೊಂದುವ ಬೇರೆ ಲೇಪನವನ್ನೇ ಕೊಳ್ಳಬೇಕು.

ಬೆಳಕಿನಿಂದ ಗಟ್ಟಿಯಾಗುವ ಇಂಕಿಗೆ ಅಮೆರಿಕದ ಇನ್‌ಮಾಂಟ್ ಕಂಪನಿ 1946ರಲ್ಲೇ ಪೇಟೆಂಟ್ ಪಡೆದಿತ್ತು. ಮರದ ಹಲಗೆಗಳ ಮೇಲಿನ ಲೇಪನವಾಗಿ ಇದು ಬಳಕೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ಜರ್ಮನಿಯಲ್ಲಿ. ಆವಿಯಾಗುವ ದ್ರಾವಕಗಳ ವಿರುದ್ಧ ಕಾನೂನು ಬಿಗಿಯಾದ, ಎಣ್ಣೆಯ ಬೆಲೆ ಏರಿದ 1970ರ ದಶಕದಲ್ಲಿ ಮುದ್ರಣೋದ್ಯಮವೂ ಇತ್ತ ಹೊರಳಿತು.

ಪೂರ್ವಸಿದ್ಧತೆಯ ಮಟ್ಟಿಗೆ ಈ ರಸಾಯನದಲ್ಲಿ ನೆನಪಿಡಬೇಕಾದ ಸಂಗತಿ ಎರಡು. ಮೊದಲನೆಯದು, ಇದರಲ್ಲಿ ಆವಿಯಾಗಿ ಹೋಗುವ ದ್ರಾವಕವಿಲ್ಲ. ಚದರ ಮೀಟರಿಗೆ 5 ಗ್ರಾಂ ಸವರಿದರೆ ಬಹುತೇಕ ಅಷ್ಟೂ ಹಾಳೆಯ ಮೇಲೆ ಉಳಿಯುತ್ತದೆ, ದಪ್ಪ ಸುಮಾರು 5 ಮೈಕ್ರಾನ್. ಸಾಮಾನ್ಯ ವಾರ್ನಿಷ್‌ನಂತೆ ಇದು ಕಾಗದದೊಳಗೆ ನಿಧಾನವಾಗಿ ಇಳಿದು ಬೇರೂರುವುದಿಲ್ಲ, ಹಾಗೆ ಇಳಿಯಲು ಅದಕ್ಕೆ ಸಮಯವೂ ಇಲ್ಲ. ಎರಡನೆಯದು, ಗಟ್ಟಿಯಾಗುವಾಗ ಇದು ಕುಗ್ಗುತ್ತದೆ, ಕುಗ್ಗುತ್ತ ಕೆಳಗಿರುವ ಪದರವನ್ನು ಎಳೆಯುತ್ತದೆ. ಕೆಳಗಿನ ಇಂಕು ಕಾಗದವನ್ನು ಗಟ್ಟಿಯಾಗಿ ಹಿಡಿದಿರದಿದ್ದರೆ ಲೇಪನದ ಜತೆಗೆ ಇಂಕೂ ಕಿತ್ತು ಬರುತ್ತದೆ.

ಒಣಗುವಿಕೆ

ಸಾಮಾನ್ಯ ಆಫ್‌ಸೆಟ್ ಇಂಕು ಒಣಗುವುದು ಎರಡು ಹಂತದಲ್ಲಿ. ತೆಳು ಎಣ್ಣೆಯ ಅಂಶ ಕಾಗದದ ಮೇಲ್ಪದರಕ್ಕೆ ಇಳಿದು ಇಂಕು ಕೂರುತ್ತದೆ, ಇದಕ್ಕೆ ನಿಮಿಷಗಳು ಸಾಕು. ಮುಂದೆ ಉಳಿದ ಒಣಗುವ ಎಣ್ಣೆ ಮತ್ತು ರಾಳಗಳು ಗಾಳಿಯ ಆಮ್ಲಜನಕವನ್ನು ಹೀರಿ, ಕೋಬಾಲ್ಟ್ ಅಥವಾ ಮ್ಯಾಂಗನೀಸ್ ಲವಣಗಳ ನೆರವಿನಿಂದ ಗಟ್ಟಿಯಾಗಬೇಕು. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಬೆರಳಿಗೆ ಹತ್ತದ ಇಂಕು ಒಣಗಿದ ಇಂಕಲ್ಲ, ಕೂತ ಇಂಕು ಅಷ್ಟೆ. ಅವಸರದ ಕೆಲಸಗಳು ಎಡವುವುದು ಈ ವ್ಯತ್ಯಾಸವನ್ನು ಮರೆತಾಗ.

ರೂಢಿಯಲ್ಲಿ 24 ಗಂಟೆ ಕನಿಷ್ಠ ಕಾಯುವಿಕೆ. ಗಾಢ ಬಣ್ಣಗಳ ಕೆಲಸಕ್ಕೆ 48ರಿಂದ 72 ಗಂಟೆ ಕೊಡುವುದು ಜಾಣತನ. ಹಸಿ ಇಂಕಿನ ಮೇಲೆ ಲೇಪನ ಬಿದ್ದರೆ ಇಂಕಿನ ಒಣಗುವಿಕೆಗೆ ಬೇಕಾದ ಆಮ್ಲಜನಕದ ದಾರಿಯೇ ಮುಚ್ಚುತ್ತದೆ. ಯಂತ್ರದಿಂದ ಹೊರಬಂದಾಗ ಕಣ್ಣು ಕೋರೈಸುವ ಹೊಳಪು ಮರುದಿನ ಮಂಕಾಗಿರುತ್ತದೆ, ಏಕೆಂದರೆ ಕೆಳಗಿನ ಇಂಕು ಕೂರುತ್ತ ಹೋದಂತೆ ಮೇಲಿನ ಪದರವೂ ಅದರ ಉಬ್ಬುತಗ್ಗನ್ನೇ ಅನುಸರಿಸುತ್ತದೆ. ಆಫ್‌ಲೈನ್ ವಿಧಾನಕ್ಕೆ ಇರುವ ದೊಡ್ಡ ಅನುಕೂಲವೇ ಈ ತೊಂದರೆಯಿಂದ ಬಿಡುಗಡೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಹಾಳೆಯನ್ನು ಹೊರಗೆ ಕಳಿಸಿ ಗಳಿಸಿದ್ದೇನೂ ಇಲ್ಲ.

ಒಣಗುವಿಕೆಯನ್ನು ತಡೆಯುವ ಕಾರಣಗಳು ಹಲವು. ಫೌಂಟನ್ ನೀರಿನ ಆಮ್ಲತೆ ಅತಿಯಾದರೆ ಒಣಗಿಸುವ ಲವಣಗಳು ಕೆಲಸ ಮಾಡುವುದಿಲ್ಲ. ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ನಡುವೆ ಇರಬೇಕು. ನೀರು ಹೆಚ್ಚಾಗಿ ಇಂಕಿನೊಳಗೆ ಬೆರೆತರೂ ಅದೇ ಫಲ. ಹಾಳೆಯ ಅಟ್ಟಿಯನ್ನು ಎತ್ತರಕ್ಕೆ ಪೇರಿಸಿದರೆ ನಡುವಿನ ಹಾಳೆಗಳಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಅಟ್ಟಿ ಚಿಕ್ಕದಿರಬೇಕು, ಕೆಲವು ಗಂಟೆಗಳ ನಂತರ ಅದನ್ನು ಗಾಳಿಯಾಡಿಸಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ತಿಂಗಳುಗಟ್ಟಲೆ ಏರಿಯೇ ಇರುವುದರಿಂದ ಬೇಸಗೆಯ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಹವಾನಿಯಂತ್ರಣವಿಲ್ಲದ ಮುದ್ರಣಾಲಯ ಜುಲೈನಲ್ಲಿ ಇನ್ನೊಂದು ದಿನ ಸೇರಿಸಿಕೊಂಡೇ ಮಾತು ಕೊಡುವುದು ಒಳಿತು. ನಾಲ್ಕು ಬಣ್ಣಗಳನ್ನೂ ಒಂದರ ಮೇಲೊಂದು ತುಂಬಿದ ಕಪ್ಪು ಹಿನ್ನೆಲೆಯಲ್ಲಿ ಇಂಕಿನ ಒಟ್ಟು ಪ್ರಮಾಣ ಶೇ 300 ದಾಟದಂತೆ ಕಡತದ ಹಂತದಲ್ಲೇ ಇಳಿಸಿಕೊಂಡರೆ ಅರ್ಧ ತಾಪತ್ರಯ ಮೊದಲೇ ಮುಗಿಯುತ್ತದೆ.

ಹಾಗೆಂದು ವಾರಗಟ್ಟಲೆ ಬಿಡುವುದೂ ಸರಿಯಲ್ಲ. ಹಳೆಯದಾದಂತೆ ಇಂಕಿನ ಮೇಲ್ಮೈ ಬಿಗಿದು ನುಣುಪಾಗಿ, ಲೇಪನಕ್ಕೆ ಹಿಡಿತ ಕೊಡದೆ ಹೋಗಬಹುದು. ಇದಕ್ಕೆ ಇಂಕಿನಲ್ಲಿರುವ ಮೇಣವೂ ಕಾರಣ.

ಮೇಣ ಮತ್ತು ಸಿಲಿಕೋನ್

ಉಜ್ಜಿದರೆ ಗೀರು ಬೀಳದಿರಲೆಂದು ಸಾಮಾನ್ಯ ಇಂಕುಗಳಿಗೆ ಪಾಲಿಎಥಿಲೀನ್ ಅಥವಾ ಟೆಫ್ಲಾನ್ ಜಾತಿಯ ಮೇಣವನ್ನು ಬೆರೆಸಿರುತ್ತಾರೆ. ಒಣಗುವಾಗ ಅದು ಮೇಲಕ್ಕೆ ಬಂದು ಪದರವಾಗಿ ನಿಲ್ಲುತ್ತದೆ. ಲೇಪನವಿಲ್ಲದ ಪತ್ರಿಕೆಗೋ ಕರಪತ್ರಕ್ಕೋ ಇದು ವರ, ಯುವಿಗೆ ಶಾಪ. ಕೆಸುವಿನ ಎಲೆಯ ಮೇಲೆ ನೀರು ಹನಿಹನಿಯಾಗಿ ಸರಿದುಹೋಗುವುದಕ್ಕೂ ಇಂಥ ಇಂಕಿನ ಮೇಲೆ ಲೇಪನ ಹರಡದೆ ಗುಂಪುಗೂಡುವುದಕ್ಕೂ ಮೂಲ ಕಾರಣ ಒಂದೇ: ಮೇಣದ ಮೇಲ್ಮೈಗೆ ದ್ರವವನ್ನು ತನ್ನತ್ತ ಎಳೆದು ಹರಡಿಸುವಷ್ಟು ಶಕ್ತಿ ಇಲ್ಲ. ಪರಿಣಾಮವಾಗಿ ಸಣ್ಣ ಗುಳಿಗಳು, ಕಿತ್ತಳೆ ಸಿಪ್ಪೆಯಂಥ ಮೈ ಕಾಣಿಸಿಕೊಳ್ಳುತ್ತವೆ. ಇಲ್ಲವೇ ಎಲ್ಲ ಸರಿಯಾಗಿ ಕಂಡರೂ ಪೆಟ್ಟಿಗೆ ಮಡಿಸಿದ ಕೂಡಲೇ ಲೇಪನ ಪೊರೆಯಾಗಿ ಸುಲಿಯುತ್ತದೆ.

ಈ ಶಕ್ತಿಯನ್ನು ಡೈನ್ ಲೆಕ್ಕದಲ್ಲಿ ಅಳೆಯುತ್ತಾರೆ. ಮುದ್ರಿತ ಮೇಲ್ಮೈ ಸೆಂಟಿಮೀಟರಿಗೆ ಕನಿಷ್ಠ 38 ಡೈನ್ ಇರಬೇಕೆಂಬುದು ಈ ಉದ್ಯಮದಲ್ಲಿ ನೆಲೆಗೊಂಡ ಅಂದಾಜು, 40 ದಾಟಿದ್ದರೆ ನಿಶ್ಚಿಂತೆ. ಡೈನ್ ಪೆನ್ನಿನಿಂದ ಹಾಳೆಯ ಗಾಢ ಭಾಗದ ಮೇಲೆ ಗೆರೆ ಎಳೆದಾಗ ಗೆರೆ ಎರಡು ಸೆಕೆಂಡು ಒಡೆಯದೆ ನಿಂತರೆ ಆ ಮಟ್ಟ ಇದೆಯೆಂದು ಅರ್ಥ, ಹನಿಗಳಾಗಿ ಕೂಡಿಕೊಂಡರೆ ಇಲ್ಲ. ಖಾಲಿ ಕಾಗದದ ಮೇಲೆ ಪರೀಕ್ಷಿಸಿ ಸಮಾಧಾನಪಡುವುದು ನಿರರ್ಥಕ, ತೊಂದರೆ ಇರುವುದು ಇಂಕಿನಲ್ಲಿ.

ಪರಿಹಾರ ಸರಳ, ಆದರೆ ಮುಂಚೆಯೇ ಆಗಬೇಕು. ಇಂಕು ಕೊಳ್ಳುವಾಗಲೇ ಮೇಣ ಮತ್ತು ಸಿಲಿಕೋನ್ ಇಲ್ಲದ, ಯುವಿ ಲೇಪನಕ್ಕೆ ಒಪ್ಪುವ ಸರಣಿಯನ್ನು ಕೇಳಬೇಕು. ಅಂಥ ಇಂಕನ್ನು ತಂದು ಅದಕ್ಕೆ ಮೆಷಿನ್‌ಮ್ಯಾನ್ ಅಭ್ಯಾಸಬಲದಿಂದ ಉಜ್ಜುನಿರೋಧಕ ಪೇಸ್ಟ್ ಬೆರೆಸಿದರೆ ಕೊಂಡದ್ದು ವ್ಯರ್ಥ. ಇಂಕಿನ ಅಂಟು ಇಳಿಸುವ ಪೇಸ್ಟ್, ಡಬ್ಬಿಯಲ್ಲಿ ಕೆನೆಗಟ್ಟದಂತೆ ಸಿಂಪಡಿಸುವ ದ್ರವ, ಯಂತ್ರದ ಭಾಗಗಳಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಇವೂ ಹಾಳೆಯನ್ನು ಕೆಡಿಸಬಲ್ಲವು. ಸಿಲಿಕೋನಿನ ಕಾಟ ವಿಶೇಷ. ಬರಿಗಣ್ಣಿಗೆ ಕಾಣದಷ್ಟು ತಗುಲಿದರೂ ಅಲ್ಲಿ ಮೀನಿನ ಕಣ್ಣಿನಷ್ಟು ಗುಂಡನೆಯ ಗುಳಿ ಬೀಳುತ್ತದೆ.

ಡಿಜಿಟಲ್ ಮುದ್ರಣದ ಹಾಳೆಗಳಿಗೂ ಇದೇ ಎಚ್ಚರ ಬೇಕು. ಕೆಲವು ಟೋನರ್ ಯಂತ್ರಗಳು ಬಿಸಿ ರೋಲರಿಗೆ ಟೋನರ್ ಅಂಟದಿರಲೆಂದು ಸಿಲಿಕೋನ್ ಎಣ್ಣೆ ಸವರುತ್ತವೆ, ಕೆಲವುಗಳ ಟೋನರಿನಲ್ಲೇ ಮೇಣವಿರುತ್ತದೆ. ಆಫ್‌ಸೆಟ್‌ನಲ್ಲಿ ಸರಿಹೋದ ಲೇಪನ ಅದೇ ವಿನ್ಯಾಸದ ಡಿಜಿಟಲ್ ಪ್ರತಿಯ ಮೇಲೂ ನಿಲ್ಲುತ್ತದೆಂದು ನಂಬುವಂತಿಲ್ಲ.

ಸ್ಪ್ರೇ ಪೌಡರ್

ಅಚ್ಚಾದ ಹಾಳೆ ಅಟ್ಟಿಯಲ್ಲಿ ಬಿದ್ದಾಗ ಅದರ ಹಸಿ ಇಂಕು ಮೇಲಿನ ಹಾಳೆಯ ಬೆನ್ನಿಗೆ ಹತ್ತಬಾರದೆಂದು ಡೆಲಿವರಿಯಲ್ಲಿ ನುಣ್ಣನೆಯ ಪುಡಿ ಸಿಂಪಡಿಸುತ್ತಾರೆ. ಹೆಚ್ಚಿನದು ಮೆಕ್ಕೆಜೋಳ, ಮರಗೆಣಸು ಅಥವಾ ಆಲೂಗಡ್ಡೆಯ ಪಿಷ್ಟ, ಅಗ್ಗದ ಬಗೆಗಳಲ್ಲಿ ಸುಣ್ಣದಕಲ್ಲಿನ ಪುಡಿಯೂ ಉಂಟು. ಕಣದ ಗಾತ್ರ ಸುಮಾರು 15ರಿಂದ 40 ಮೈಕ್ರಾನ್. ಆಫ್‌ಸೆಟ್ ಇಂಕಿನ ಒಂದು ಪದರ ಸುಮಾರು 1 ಮೈಕ್ರಾನ್, ಅದರ ಮೇಲೆ ಬರುವ ಯುವಿ ಲೇಪನ 5 ಮೈಕ್ರಾನ್. 20 ಮೈಕ್ರಾನಿನ ಕಣವನ್ನು 5 ಮೈಕ್ರಾನಿನ ಪದರ ಮುಚ್ಚಿಹಾಕಲಾರದು. ಕಣ ಗುಡ್ಡವಾಗಿ ಎದ್ದು ನಿಲ್ಲುತ್ತದೆ, ಹೊಳಪಿನಿಂದಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಬರಿ ಹಾಳೆಯಲ್ಲಿ ಯಾರೂ ಗಮನಿಸದ ಪೌಡರ್, ಲೇಪನವಾದ ಮೇಲೆ ಗಿರಾಕಿಯ ಬೆರಳಿಗೆ ಸಿಗುವ ಮರಳಾಗುತ್ತದೆ.

ಪೌಡರ್ ಪೂರ್ತಿ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಾವು. ಹಾಳೆಯ ದಪ್ಪಕ್ಕೆ ತಕ್ಕ, ಸಾಧ್ಯವಾದಷ್ಟು ಸಣ್ಣ ಕಣದ ಪಿಷ್ಟದ ಪೌಡರನ್ನು ಆರಿಸಿ, ಅಗತ್ಯದ ಕನಿಷ್ಠ ಪ್ರಮಾಣಕ್ಕೆ ಇಳಿಸಿ, ಅಟ್ಟಿಯನ್ನು ಚಿಕ್ಕದಾಗಿಟ್ಟು ನಿಭಾಯಿಸಬೇಕು. ಹರಿಯಲು ಅನುಕೂಲವಾಗಲೆಂದು ಕೆಲವು ಪೌಡರ್‌ಗಳ ಕಣಗಳಿಗೆ ಸಿಲಿಕೋನಿನ ಹೊದಿಕೆ ಇರುತ್ತದೆ. ಯುವಿ ಕೆಲಸದ ಹತ್ತಿರವೂ ಅದನ್ನು ಸುಳಿಯಗೊಡಬಾರದು. ಸುಣ್ಣದಕಲ್ಲಿನ ಕಣ ಗಟ್ಟಿ, ಲೇಪನ ಯಂತ್ರದ ರಬ್ಬರ್ ರೋಲರನ್ನು ಗೀರುತ್ತದೆ.

ಲೇಪನಕ್ಕೆ ಮುಂಚೆ ಪೌಡರ್ ತೆಗೆಯುವ ಕೆಲಸ ಯಂತ್ರದ ಅಂತಸ್ತನ್ನು ಅವಲಂಬಿಸಿದೆ. ದೊಡ್ಡ ಯಂತ್ರಗಳಲ್ಲಿ ಬ್ರಷ್ ಮತ್ತು ಗಾಳಿ ಹೀರುವ ಘಟಕ, ಅಥವಾ ಕಣಗಳನ್ನು ಒತ್ತಿ ಉದುರಿಸುವ ಲೋಹದ ರೋಲರ್ ಇರುತ್ತವೆ. ಕೈಯಿಂದ ಹಾಳೆ ಕೊಡುವ ಸಣ್ಣ ಯಂತ್ರಗಳಲ್ಲಿ ಒಣ ಬಟ್ಟೆಯಿಂದ ಒರೆಸುವುದೇ ಗತಿ. ಲೇಪನವಿಲ್ಲದೆ ಹಾಳೆಗಳನ್ನು ಒಮ್ಮೆ ಖಾಲಿಯಾಗಿ ಓಡಿಸಿ ಪೌಡರ್ ಉದುರಿಸುವವರೂ ಇದ್ದಾರೆ. ತೆಗೆಯದೆ ಬಿಟ್ಟ ಪೌಡರ್ ಲೇಪನದ ತೊಟ್ಟಿಗೆ ಸೇರಿ ಮುಂದಿನ ಹಾಳೆಗಳನ್ನೂ ಕೆಡಿಸುತ್ತದೆ.

ಕೈಕೊಡುವ ಬಣ್ಣಗಳು

ರಿಫ್ಲೆಕ್ಸ್ ಬ್ಲೂ, ರೋಡಮಿನ್, ಪರ್ಪಲ್, ವಾಯ್ಲೆಟ್, ವಾರ್ಮ್ ರೆಡ್ ಎಂದು ಬಣ್ಣದ ಪುಸ್ತಕದಲ್ಲಿ ಕಾಣುವ ಬಣ್ಣಗಳು ಮತ್ತು ಅವನ್ನು ಬೆರೆಸಿ ಮಾಡಿದವು ಯುವಿ ಕೆಲಸದಲ್ಲಿ ಕುಖ್ಯಾತ. ಇವುಗಳಲ್ಲಿ ಬಳಸುವ ಕೆಲವು ವರ್ಣದ್ರವ್ಯಗಳು ಕ್ಷಾರಕ್ಕೂ ದ್ರಾವಕಗಳಿಗೂ ಕರಗುತ್ತವೆ. ಲೇಪನದ ಮಾನೊಮರ್‌ಗಳು ಗಟ್ಟಿಯಾಗುವ ಮುಂಚೆ ದ್ರಾವಕದಂತೆಯೇ ವರ್ತಿಸುತ್ತವೆ, ಕೆಲವು ಲೇಪನಗಳಲ್ಲಿ ಅಮೈನ್‌ಗಳೂ ಇರುತ್ತವೆ. ಬಣ್ಣ ಕೂಡಲೇ ಕೆಟ್ಟರೆ ಒಳ್ಳೆಯದು, ಯಂತ್ರ ನಿಲ್ಲಿಸಬಹುದು. ಎಷ್ಟೋ ಸಲ ಬದಲಾವಣೆ ದಿನಗಳ ನಂತರ, ಮಾಲು ಗಿರಾಕಿಯ ಗೋದಾಮು ಸೇರಿದ ಮೇಲೆ ಕಾಣುತ್ತದೆ. ರಿಫ್ಲೆಕ್ಸ್ ಬ್ಲೂ ಒಣಗುವುದೂ ನಿಧಾನ. ಕಂಪನಿಯ ಲಾಂಛನಕ್ಕೆ ಆ ನೀಲಿ ಬೇಕೇ ಬೇಕೆಂದರೆ, ಕ್ಷಾರ ಮತ್ತು ಲೇಪನವನ್ನು ತಡೆಯುವ ಬೇರೆ ವರ್ಣದ್ರವ್ಯದಿಂದ ಅದೇ ಛಾಯೆಯನ್ನು ಹೊಂದಿಸಿಕೊಡಲು ಇಂಕು ತಯಾರಕರನ್ನು ಕೇಳಬೇಕು. ರಾಸಾಯನಿಕಗಳಿಗೆ ಮುದ್ರಿತ ಇಂಕು ತಾಳುತ್ತದೆಯೇ ಎಂದು ನೋಡುವ ಪರೀಕ್ಷೆಗಳಿಗೆ ಐಎಸ್‌ಒ 2836 ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಚಿನ್ನ, ಬೆಳ್ಳಿ ಬಣ್ಣದ ಲೋಹೀಯ ಇಂಕುಗಳಲ್ಲಿ ಲೋಹದ ತೆಳು ಚಕ್ಕೆಗಳು ಮೇಲಕ್ಕೆ ತೇಲಿ ನಿಂತು ಮಿನುಗುತ್ತವೆ. ಮಿನುಗಿಗೆ ಕಾರಣವಾದ ಆ ತೇಲುವಿಕೆಯೇ ಹಿಡಿತವನ್ನು ಸಡಿಲಿಸುತ್ತದೆ. ಲೇಪನ ಚಕ್ಕೆಗಳನ್ನು ಹಿಡಿದಿರುತ್ತದೆ, ಚಕ್ಕೆಗಳು ಮಾತ್ರ ಇಂಕನ್ನು ಬಿಟ್ಟು ಬರುತ್ತವೆ. ತೇಲದ ಬಗೆಯ ಲೋಹೀಯ ಇಂಕು ಸ್ವಲ್ಪ ಮಂಕಾದರೂ ಸುರಕ್ಷಿತ.

ಕಾಗದ ಮತ್ತು ಹಾಳೆಯ ಅಂಚು

ಆರ್ಟ್ ಪೇಪರ್, ಆರ್ಟ್ ಕಾರ್ಡ್, ಒಳ್ಳೆಯ ಮೇಲ್ಪದರವಿರುವ ಡ್ಯುಪ್ಲೆಕ್ಸ್ ಬೋರ್ಡ್ ಯುವಿಗೆ ತಕ್ಕವು. ಮ್ಯಾಪ್‌ಲಿಥೊದಂಥ ಮೇಲ್ಪದರವಿಲ್ಲದ ಕಾಗದ ಲೇಪನವನ್ನು ಹೀರಿಬಿಡುತ್ತದೆ. ಹೊಳಪೂ ಬರುವುದಿಲ್ಲ, ಒಳಗಿಳಿದದ್ದಕ್ಕೆ ಬೆಳಕು ತಲುಪದೆ ಅದು ಹಸಿಯಾಗಿಯೇ ಉಳಿದು ವಾಸನೆ ಬರುತ್ತದೆ. ತೀರಾ ತೆಳು ಕಾಗದ ರೋಲರಿಗೆ ಸುತ್ತಿಕೊಳ್ಳುತ್ತದೆ, ದೀಪದ ಬಿಸಿಗೆ ಸುರುಳಿಯಾಗುತ್ತದೆ. ಚದರ ಮೀಟರಿಗೆ 130 ಗ್ರಾಂ ಮೇಲಿನದಾದರೆ ಕೆಲಸ ಸಲೀಸು.

ದೀಪದ ಶಾಖ ಕಾಗದದ ತೇವವನ್ನು ಎಳೆಯುತ್ತದೆ, ಹಾಳೆ ಕುಗ್ಗುತ್ತದೆ. ಲೇಪನದ ನಂತರ ಡೈ ಕಟಿಂಗ್ ಇದ್ದರೆ ಈ ಕುಗ್ಗುವಿಕೆ ಕೂಡುಗೆರೆಗಳನ್ನು ತಪ್ಪಿಸೀತು. ಮುದ್ರಣ, ಸಾಗಣೆ, ಲೇಪನ ಈ ಮೂರು ಜಾಗಗಳ ತೇವ ಒಂದೇ ಬಗೆಯಲ್ಲಿದ್ದು ಶೇ 50ರ ಆಸುಪಾಸಿನಲ್ಲಿದ್ದರೆ ಆದರ್ಶ. ಅಷ್ಟು ಅನುಕೂಲವಿಲ್ಲದವರು ಸಾಗಿಸುವಾಗ ಅಟ್ಟಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬಹುದು, ಆದರೆ ಇಂಕು ಪೂರ್ತಿ ಒಣಗಿದ ಮೇಲೆ ಮಾತ್ರ. ಮಡಿಕೆಯ ಗೆರೆಯನ್ನು ಕಾಗದದ ನಾರಿನ ದಿಕ್ಕಿಗೇ ಇಟ್ಟುಕೊಳ್ಳಬೇಕು, ಅಡ್ಡಲಾಗಿ ಮಡಿಸಿದರೆ ಗಟ್ಟಿಯಾದ ಲೇಪನ ಬಿರಿದು ಬಿಳಿ ಗೆರೆ ಕಾಣುತ್ತದೆ.

ಯುವಿ ಪದರದ ಮೇಲೆ ಗೋಂದು ಹಿಡಿಯುವುದಿಲ್ಲ. ಪೆಟ್ಟಿಗೆಯ ಪೇಸ್ಟಿಂಗ್ ಪಟ್ಟಿ, ಪುಸ್ತಕದ ಬೆನ್ನಿನ ಒಳಭಾಗ, ಬ್ಯಾಚ್ ಸಂಖ್ಯೆ ಮತ್ತು ಬೆಲೆ ಒತ್ತುವ ಜಾಗ, ಸಹಿ ಹಾಕುವ ಜಾಗ ಇವನ್ನೆಲ್ಲ ಬಿಟ್ಟು ಲೇಪಿಸಬೇಕು. ಪೇಸ್ಟಿಂಗ್ ಪಟ್ಟಿಯ ಮೇಲೆ ಇಂಕನ್ನೂ ಓಡಿಸದಿರುವುದು ಇನ್ನೂ ಒಳ್ಳೆಯದು.

ಸ್ಪಾಟ್ ಯುವಿ

ಹಾಳೆಯ ಕೆಲವೇ ಭಾಗಗಳಿಗೆ, ಪುಸ್ತಕದ ಹೆಸರು ಅಥವಾ ಒಂದು ಚಿತ್ರಕ್ಕೆ ಮಾತ್ರ ಹೊಳಪು ಕೊಡುವುದು ಸ್ಪಾಟ್ ಯುವಿ. ಈಚಿನ ವರ್ಷಗಳ ಕನ್ನಡ ಪುಸ್ತಕಗಳಲ್ಲಿ ಮ್ಯಾಟ್ ಲ್ಯಾಮಿನೇಷನ್ ಮೇಲೆ ಶೀರ್ಷಿಕೆಯಷ್ಟನ್ನೇ ಮಿನುಗಿಸಿದ ಮುಖಪುಟಗಳು ಸಾಕಷ್ಟು ಕಾಣುತ್ತವೆ. ಇದನ್ನು ಸಾಮಾನ್ಯವಾಗಿ ಸ್ಕ್ರೀನ್ ಮುದ್ರಣದಿಂದ ಮಾಡುವುದರಿಂದ ಪದರ ರೋಲರ್ ಲೇಪನಕ್ಕಿಂತ ಹಲವು ಪಟ್ಟು ದಪ್ಪ, ಬೆರಳಿಗೆ ಉಬ್ಬು ತಿಳಿಯುತ್ತದೆ. ಲ್ಯಾಮಿನೇಷನ್ ಫಿಲ್ಮಿನ ಹೊರಮೈಗೂ ಕೊರೊನಾ ಉಪಚಾರ (ಹಿಡಿತ ಹೆಚ್ಚಿಸುವ ವಿದ್ಯುತ್ ಸಂಸ್ಕರಣ) ಆಗಿದ್ದು 38 ಡೈನ್ ಇರಬೇಕು. ಹಳೆಯ ದಾಸ್ತಾನಿನ ರೋಲುಗಳಲ್ಲಿ ಆ ಉಪಚಾರದ ಬಲ ಇಳಿದಿರುತ್ತದೆ.

ಇಲ್ಲಿ ಸಿದ್ಧತೆಯ ಮುಖ್ಯ ವಿಷಯ ಕೂಡಿಕೆ (ರಿಜಿಸ್ಟ್ರೇಷನ್). ಆಫ್‌ಸೆಟ್‌ನಲ್ಲಿ ಹಾಳೆ ಯಾವ ಗ್ರಿಪ್ಪರ್ ಅಂಚು ಮತ್ತು ಯಾವ ಪಕ್ಕದ ಲೇಗೆ ತಾಗಿ ಅಚ್ಚಾಯಿತೋ ಅದೇ ಎರಡು ಅಂಚಿಗೆ ತಾಗಿಯೇ ಸ್ಪಾಟ್ ಯುವಿ ಆಗಬೇಕು. ಅಟ್ಟಿಯ ಪಕ್ಕದಲ್ಲಿ ಪೆನ್ನಿನಿಂದ ಆ ಅಂಚುಗಳನ್ನು ಗುರುತಿಸಿ ಕಳಿಸುವ ಅಭ್ಯಾಸ ಕ್ಷುಲ್ಲಕವೆನಿಸಿದರೂ ಎಷ್ಟೋ ಜಗಳಗಳನ್ನು ತಪ್ಪಿಸಿದೆ. 23 × 36 ಅಂಗುಲದ ಹಾಳೆಯಲ್ಲಿ ಅಚ್ಚುಮಾಡಿ, ಸ್ಕ್ರೀನ್ ಯಂತ್ರ ಚಿಕ್ಕದೆಂದು ಎರಡಾಗಿ ಕತ್ತರಿಸಿ 18 × 23 ಮಾಡಿ ಕಳಿಸಿದರೆ, ಒಂದು ಅರ್ಧಕ್ಕೆ ಮೂಲ ಅಂಚು ಉಳಿಯುತ್ತದೆ, ಇನ್ನೊಂದಕ್ಕೆ ಇರುವುದು ಕತ್ತರಿಸಿದ ಅಂಚು. ಎರಡನ್ನೂ ಬೆರೆಸಿ ಅಟ್ಟಿ ಕಟ್ಟಿದರೆ ಕೂಡಿಕೆಯ ಆಸೆ ಬಿಡಬೇಕು. ಕತ್ತರಿಸುವುದು ಅನಿವಾರ್ಯವಾದರೆ ಎಡ ಬಲ ಅರ್ಧಗಳನ್ನು ಬೇರೆಬೇರೆಯಾಗಿ ಕಟ್ಟಿ ಬರೆದಿಡಬೇಕು.

ಕಡತದಲ್ಲಿ ಸ್ಪಾಟ್ ಭಾಗವನ್ನು ಪ್ರತ್ಯೇಕ ಬಣ್ಣವಾಗಿ, ಶೇ 100 ತುಂಬಿ, ಕೆಳಗಿನ ಬಣ್ಣಗಳನ್ನು ಕೊರೆಯದಂತೆ ಇಡಬೇಕು. ಕನ್ನಡ ಅಕ್ಷರಗಳಲ್ಲಿ ಒಂದು ತೊಡಕಿದೆ: ಸಣ್ಣ ಅಳತೆಯ ಒತ್ತಕ್ಷರಗಳು, ತಲೆಕಟ್ಟಿನ ತೆಳು ಗೆರೆಗಳು, ಸೊನ್ನೆಯ ಒಳಜಾಗ ದಪ್ಪ ಲೇಪನದಲ್ಲಿ ತುಂಬಿಕೊಂಡು ಮುದ್ದೆಯಾಗುತ್ತವೆ. ಲೇಖಕರ ಹೆಸರಿನಂಥ ಸಣ್ಣ ಅಕ್ಷರಗಳಿಗೆ ಸ್ಪಾಟ್ ಯುವಿ ಬಯಸದಿರುವುದೇ ಮೇಲು.

ಪ್ರೈಮರ್

ಕಾಯಲು ಸಮಯವಿಲ್ಲದಾಗ, ಅಥವಾ ಇಂಕಿನ ಬಗ್ಗೆ ಭರವಸೆ ಇಲ್ಲದಾಗ, ನೀರಿನಾಧಾರಿತ ಪ್ರೈಮರನ್ನು ಹಾಳೆಯ ಮೇಲೆ ಮೊದಲು ಸವರಿ ಅದರ ಮೇಲೆ ಯುವಿ ಹಾಕುವ ದಾರಿ ಇದೆ. ಮುದ್ರಣ ಯಂತ್ರದಲ್ಲೇ ಲೇಪನ ಘಟಕವಿದ್ದರೆ ಪ್ರೈಮರ್ ಅಲ್ಲೇ ಬೀಳುತ್ತದೆ, ಪೌಡರ್ ಕೂಡ ಬಹಳ ಕಡಿಮೆ ಸಾಕಾಗುತ್ತದೆ. ಹಲವರು ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುತ್ತಾರೆ. ಆದರೆ ಪ್ರೈಮರಿನಲ್ಲಿ ಅಮೋನಿಯಾ ಇದ್ದು ಅದು ಕ್ಷಾರೀಯವಾಗಿರುವುದರಿಂದ, ಮೇಲೆ ಹೇಳಿದ ಸೂಕ್ಷ್ಮ ನೀಲಿ ಮತ್ತು ಗುಲಾಬಿಗಳು ಯುವಿ ತಾಗುವ ಮುಂಚೆ ಪ್ರೈಮರಿಗೇ ಸೋಲಬಹುದು. ಯುವಿಗೆಂದೇ ತಯಾರಾಗದ ಸಾಮಾನ್ಯ ನೀರಿನ ಲೇಪನಗಳಲ್ಲಿ ಮೇಣವೂ ಇರುತ್ತದೆ, ಅವನ್ನು ಪ್ರೈಮರಿನ ಬದಲಿಗೆ ಬಳಸಿದರೆ ತೊಂದರೆ ದುಪ್ಪಟ್ಟು.

ಪರೀಕ್ಷೆ

ಪೂರ್ತಿ ಅಟ್ಟಿ ಓಡಿಸುವ ಮುಂಚೆ ಕೆಲವು ಹಾಳೆಗಳನ್ನು ಲೇಪಿಸಿ ನೋಡುವುದಕ್ಕೆ ಬದಲಿಲ್ಲ. ಇದಕ್ಕಾಗಿ ಮುದ್ರಣಾಲಯ ಹೆಚ್ಚುವರಿ ಹಾಳೆಗಳನ್ನು ಕಳಿಸಬೇಕು, ಅವು ಅಸಲಿ ಹಾಳೆಗಳಷ್ಟೇ ಇಂಕು ಹೊತ್ತು ಒಣಗಿರಬೇಕು. ಬಣ್ಣ ಹೊಂದಿಸುವಾಗ ಕೆಟ್ಟ ಹಾಳೆಗಳನ್ನು ಕಟ್ಟಿ ಕಳಿಸಿದರೆ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಅತಿ ಗಾಢ ಭಾಗದ ಮೇಲೆ ಅಂಟುಪಟ್ಟಿ ಒತ್ತಿ ಚಟ್ಟನೆ ಕಿತ್ತಾಗ ಏನು ಬಂತೆಂಬುದನ್ನು ನೋಡಬೇಕು. ಲೇಪನ ಮಾತ್ರ ಬಂದರೆ ಮೇಣವನ್ನೋ ಸಿಲಿಕೋನನ್ನೋ ಸಂಶಯಿಸಬೇಕು. ಇಂಕೂ ಬಂದರೆ ಇಂಕು ಒಣಗಿಲ್ಲ. ಕಾಗದದ ನಾರು ಹರಿದು ಬಂದರೆ ಹಿಡಿತ ಚೆನ್ನಾಗಿದೆ. ಹೆಬ್ಬೆರಳನ್ನು ಒತ್ತಿ ತಿರುಗಿಸಿದಾಗ ಗುರುತು ಬಿದ್ದರೆ ಲೇಪನ ಪೂರ್ತಿ ಗಟ್ಟಿಯಾಗಿಲ್ಲ. ಇದನ್ನು ಇನ್ನಷ್ಟು ಖಚಿತವಾಗಿ ತಿಳಿಯಲು ಬಿಳಿ ಭಾಗದ ಮೇಲೆ ಪೊಟ್ಯಾಸಿಯಂ ಪರ್ಮಾಂಗನೇಟಿನ ದುರ್ಬಲ ದ್ರಾವಣದ ಹನಿಯಿಟ್ಟು ಕೆಲವು ನಿಮಿಷ ಬಿಟ್ಟು ಒರೆಸುತ್ತಾರೆ. ಕಂದು ಕಲೆ ಗಾಢವಾದಷ್ಟೂ ಗಟ್ಟಿಯಾಗದೆ ಉಳಿದ ಆಕ್ರಿಲೇಟ್ ಹೆಚ್ಚು. ಹೊಳಪನ್ನು 60 ಡಿಗ್ರಿ ಕೋನದ ಗ್ಲಾಸ್ ಮೀಟರಿನಲ್ಲಿ ಅಳೆಯುವುದು ವಾಡಿಕೆ. ಅಂಟುಪಟ್ಟಿಯ ಪರೀಕ್ಷೆಯನ್ನು ಒಂದು ದಿನ ಬಿಟ್ಟು ಇನ್ನೊಮ್ಮೆ ಮಾಡುವುದು ಲೇಸು.

ಆಹಾರದ ಪೊಟ್ಟಣಗಳು

ಗಟ್ಟಿಯಾಗದೆ ಉಳಿದ ಫೋಟೊಇನಿಷಿಯೇಟರ್ ಕಾಗದದ ಮೂಲಕ ಒಳಗಿನ ಪದಾರ್ಥಕ್ಕೆ ಇಳಿಯಬಲ್ಲದು, ಅಟ್ಟಿಯಲ್ಲಿ ಒಂದು ಹಾಳೆಯ ಮುಖದಿಂದ ಇನ್ನೊಂದರ ಬೆನ್ನಿಗೂ ಹತ್ತಬಲ್ಲದು. 2005ರಲ್ಲಿ ಇಟಲಿಯಲ್ಲಿ ಶಿಶುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ಇನಿಷಿಯೇಟರ್ ಪತ್ತೆಯಾಗಿ ಮಾಲು ಮುಟ್ಟುಗೋಲಾಯಿತು. 2009ರಲ್ಲಿ ಯುರೋಪಿನ ಬೆಳಗಿನ ತಿಂಡಿಯ ಸೀರಿಯಲ್‌ಗಳಲ್ಲಿ 4-ಮೀಥೈಲ್‌ಬೆಂಜೊಫಿನೋನ್ ಸಿಕ್ಕಿತು. ಎರಡಕ್ಕೂ ಮೂಲ ಪೊಟ್ಟಣದ ಮುದ್ರಣ. ಭಾರತದಲ್ಲಿ ಆಹಾರ ಪೊಟ್ಟಣಗಳ ಇಂಕಿಗೆ ಐಎಸ್ 15495 ಎಂಬ ಮಾನಕವಿದೆ. ಇಂಥ ಕೆಲಸಕ್ಕೆ ಕಡಿಮೆ ವಲಸೆಯ ಇಂಕು, ಅದೇ ಗುಣದ ಲೇಪನ ಎರಡೂ ಬೇಕು, ಒಂದನ್ನು ಮಾತ್ರ ಬದಲಿಸಿದರೆ ಸಾಲದು. ಲೇಪಿಸುವವರೂ ಬರಿಗೈಯಲ್ಲಿ ಆಕ್ರಿಲೇಟ್ ಮುಟ್ಟಬಾರದು. ಅದು ಚರ್ಮಕ್ಕೆ ಒಮ್ಮೆ ಅಲರ್ಜಿ ತಂದರೆ ಮುಂದೆ ಸ್ವಲ್ಪ ತಗುಲಿದರೂ ತುರಿಕೆ ಮರುಕಳಿಸುತ್ತದೆ. ನೈಟ್ರೈಲ್ ಕೈಗವಸು ತೊಡಬೇಕು, ದೀಪದ ಕವಚ ತೆರೆದು ಯಂತ್ರ ಓಡಿಸಬಾರದು. ದೀಪದಿಂದ ಹುಟ್ಟುವ ಓಜೋನನ್ನು ಕೊಳವೆಯ ಮೂಲಕ ಹೊರಗೆ ಬಿಡಬೇಕು.